ಹನಗೋಡು, ಅನಗೋಡು

ನನಗೆ ‘ಹ’ ಅಕ್ಷರದ ಮೇಲೆ ಹಠ. ಕೆ.ಆರ್. ನಗರದ ಕಡೆಯ ಹಳ್ಳಿಯವಳು ನಾನು. ಮೈಸೂರಿನ ಕಾಲೇಜಿನಲ್ಲಿ ಮೊದಲ ದಿನ ‘ನಮ್ ಅಳ್ಳಿ’ ಅಂದುಬಿಟ್ಟೆ, ಇಡೀ ಬೆಂಚು ನಕ್ಕಿತು. ಅವತ್ತಿನಿಂದ ನಾಲಿಗೆ ತಿದ್ದಿಕೊಂಡೆ. ಈಗ ನಾನು ‘ಹ’ ಅಂದರೆ ಎದುರಿಗಿರುವವರ ಮುಖಕ್ಕೆ ಗಾಳಿ ಬಡಿಯಬೇಕು. ಅದರಲ್ಲಿ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹುಣಸೂರಿನಲ್ಲಿ ಹಳೇ ಪದಗಳನ್ನು, ಅಂದರೆ ಹಳ್ಳಿ ಹಾಡುಗಳನ್ನು, ಕೂಡಿಡುವ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ನಮ್ಮವರು ಹನಗೋಡು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಗೆಲ್ಲ ಹೋಗಿ, ಹೆಂಗಸರು ಹೇಳುವ ಬೀಸೋ ಪದ, ನಾಟಿ ಪದಗಳನ್ನು ಮೊಬೈಲಿನಲ್ಲಿ ಹಿಡಿದು ತರುತ್ತಾರೆ. ಅವನ್ನು ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಜೋಡಿಸುವವಳು ರೂಪಶ್ರೀ ಎಂಬ ನಾನು. ಕೋಡಿಂಗ್ ಬಾರದವರೂ ಕಟ್ಟಿಕೊಳ್ಳಬಹುದಾದಂಥ ಡೇಟಾಬೇಸು ಅದು. ಒಂದೊಂದು ಸಾಲಿನಲ್ಲೂ ಹೆಸರು, ಊರು, ಪದದ ಬಗೆ, ಷರಾ, ಕೊನೆಯಲ್ಲಿ ಧ್ವನಿ. ಅದನ್ನೆಲ್ಲ ತುಂಬುವವರು ರೆಕಾರ್ಡ್ ಮಾಡಿ ತಂದವರೇ.

“ಬಂದೋರು ತಮಗೆ ಬೇಕಾದಂಗೆ ಹುಡುಕ್ಕೊಳ್ಲಿ ಕಣಮ್ಮ, ಫಿಲ್ಟರ್ ಹಾಕ್ಕೊಡು” ಅಂದಿದ್ದರು ನಮ್ಮ ಮುಖ್ಯಸ್ಥರು ಚೇತನ್‌ಕುಮಾರ್. ಹಾಕಿಕೊಟ್ಟೆ. ಊರಿನ ಫಿಲ್ಟರಿಗೆ ಎರಡು ದಾರಿ ಇದ್ದವು. ಬರೆದ ಅಕ್ಷರಕ್ಕೆ ಹತ್ತಿರವಿರುವುದನ್ನೆಲ್ಲ ತೋರಿಸುವುದು ಒಂದು, ಅಕ್ಷರಕ್ಕೆ ಅಕ್ಷರ ಸರಿಹೊಂದಿದ್ದನ್ನು ಮಾತ್ರ ತೋರಿಸುವುದು ಇನ್ನೊಂದು. ಮೊದಲನೆಯದನ್ನು ಇಟ್ಟರೆ ಕಂಡಕಂಡ ತಪ್ಪು ಕಾಗುಣಿತವೆಲ್ಲ ಮೆರವಣಿಗೆ ಹೊರಡುತ್ತದೆ. ಮೈಸೂರಿನಿಂದ ಬರುವ ಪ್ರೊಫೆಸರುಗಳು ಅದನ್ನು ನೋಡಿ ಮುಸಿಮುಸಿ ನಗುವುದು ನನಗೆ ಬೇಕಿರಲಿಲ್ಲ. ಎರಡನೆಯದನ್ನೇ ಇಟ್ಟು ಬೀಗ ಹಾಕಿದೆ.

ಆಷಾಢದಲ್ಲಿ ಸಣ್ಣಯ್ಯ ಬಂದರು. ಎಪ್ಪತ್ತು ದಾಟಿದ ವಯಸ್ಸು, ಕೂಲಿ ಮಾಡಿ ಬಗ್ಗಿದ ಬೆನ್ನು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತರು.

“ನಮ್ಮನೆಯೋಳು ಸಾಕಮ್ಮ ತೀರ್ಕೊಂಡು ಮೂರು ತಿಂಗ್ಳಾಯ್ತು ಕಣವ್ವ. ಓದ್ ವರ್ಷ ನಿಮ್ಮೋರು ಬಂದು ಅವ್ಳ ಕೈಲಿ ಪದ ಏಳ್ಸ್ಕೊಂಡ್ ಓಗಿದ್ರು. ಒಂದ್ಸಲ ಕೇಳ್ಸು, ಓಯ್ತೀನಿ.”

“ಯಾವೂರು ತಾತ?”

“ಅನಗೋಡು.”

ನಾನು ‘ಹನಗೋಡು’ ಎಂದು ಒತ್ತಿದೆ. ಹೆಸರಿನ ಜಾಗದಲ್ಲಿ ಸಾಕಮ್ಮ. ಪರದೆ ಖಾಲಿ. ಹೆಸರು ತೆಗೆದು ಊರೊಂದನ್ನೇ ಇಟ್ಟೆ. ಹನ್ನೊಂದು ಹೆಂಗಸರ ಹೆಸರು ಬಂದವು, ಸಾಕಮ್ಮ ಇಲ್ಲ. ಊರು ತೆಗೆದು ಹೆಸರೊಂದನ್ನೇ ಹಾಕಿ ನೋಡುವ ತಾಳ್ಮೆ ನನಗಿರಲಿಲ್ಲ.

“ಇಲ್ಲ ತಾತ. ನಿಮ್ಮನೆಯವರು ಹಾಡಿಯೇ ಇಲ್ಲ.”

“ನಾನೇ ಪಕ್ಕದಲ್ ಕೂತಿದ್ದೆ ಕಣವ್ವ.”

“ಬೇರೆ ಯಾರೋ ಬಂದಿರಬೇಕು. ಕಂಪ್ಯೂಟರು ಸುಳ್ಳು ಹೇಳುತ್ತಾ?” ಅಂದೆ, ಸ್ವಲ್ಪ ಜೋರಾಗಿಯೇ. ಅವರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಬಗ್ಗಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅದಾಗಿ ವಾರಕ್ಕೆ ಜಾಗ ಭರ್ತಿಯಾಯಿತು ಎಂದು ಡೇಟಾಬೇಸು ಕಿರಿಕಿರಿ ಶುರುಮಾಡಿತು. ಕಸ ತೆಗೆಯಲು ಕೂತೆ. ನಮ್ಮ ಊರುಗಳ ಪಟ್ಟಿಗೆ ಸೇರದ ಸಾಲುಗಳನ್ನೆಲ್ಲ ಫಿಲ್ಟರ್ ಹಾಕಿ ಆರಿಸಿದೆ. ನಲವತ್ತೊಂದು ಬಂದವು. ಪ್ರಯೋಗಕ್ಕೆ ತುಂಬಿದ ಸಾಲುಗಳೇ ಇರಬೇಕು ಎಂದುಕೊಂಡೆ. ಒಂದನ್ನೂ ತೆರೆದು ಕೇಳಲಿಲ್ಲ. ಲೆಕ್ಕಕ್ಕಿರಲಿ ಎಂದು ಬರಹವನ್ನು ಒಂದು ಹಾಳೆಗೆ ಇಳಿಸಿಕೊಂಡು, ಅಳಿಸಿದವರ ಜಾಗದಲ್ಲಿ ನನ್ನ ಹೆಸರು ಹಾಕಿ, ಎಲ್ಲವನ್ನೂ ಅಳಿಸಿದೆ.

ದಸರಾ ಮುಗಿದ ಮೇಲೆ ಸಣ್ಣಯ್ಯ ಮತ್ತೆ ಬಂದರು. ಈ ಸಲ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

“ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ಊರೋರೆಲ್ಲ ನಿಂಗೆ ಅರುಳು ಮರುಳು, ಕನಸ್ ಕಂಡಿದ್ದೀಯ ಅಂತಾರೆ. ನಂಗೂ ಅಂಗೇ ಅನ್ಸಕ್ ಸುರುವಾಗದೆ. ಆದ್ರೆ ಪದ ತಕ್ಕೊಳಕ್ ಬಂದಿದ್ದ ಆವಪ್ಪ ಕೇಳಿದ್ದು ಗ್ಯಾಪ್ಕ ಅದೆ. ಯಾವೂರಮ್ಮ ಅಂದ. ಅನಗೋಡು ಅಂದ್ಲು. ನೀವ್ ಅಂದಂಗೇ ಬರ್ಕೋತೀನಿ ಅಂದ.”

ಆಕೆ ಅಂದ ಹಾಗೆಯೇ, ‘ಹ’ ಇಲ್ಲದೆ, ಬರೆದುಕೊಂಡಿದ್ದಾರೆ.

ಅಳಿಸುವ ಮುಂಚೆ ಇಳಿಸಿಕೊಂಡಿದ್ದ ಹಾಳೆ ನೆನಪಾಯಿತು. ಆ ಹಾಳೆ ತೆರೆದೆ. ‘ಹ’ ಕಳೆದುಕೊಂಡ ಊರುಗಳೇ ಅದರ ತುಂಬ. ಹಿರಿಕ್ಯಾತನಹಳ್ಳಿ ಇರಿಕ್ಯಾತ್ನಳ್ಳಿಯಾಗಿತ್ತು, ಹನಗೋಡು ಅನಗೋಡಾಗಿತ್ತು. ಇಪ್ಪತ್ತಾರನೇ ಸಾಲು ಸಾಕಮ್ಮ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಅಳಿಸಿದವರು: ರೂಪಶ್ರೀ.

ಡೇಟಾಬೇಸಿನ ಕಸದ ಬುಟ್ಟಿ ನೋಡಿದೆ. ಅಲ್ಲಿ ಉಳಿಯುವುದು ಮೂವತ್ತೇ ದಿನ. ರೆಕಾರ್ಡ್ ಮಾಡಿದ ಸುನೀಲ್‌ಕುಮಾರನಿಗೆ ಫೋನ್ ಹಚ್ಚಿದೆ. “ಆ ಮೊಬೈಲು ಕೆಟ್ಟೋಗಿ ಎಕ್ಸ್‌ಚೇಂಜಿಗೆ ಕೊಟ್ಟೆ ಕಣಕ್ಕ, ಎಲ್ಲಾ ನಿಮ್ ಹತ್ರಾನೇ ಅದ್ಯಲ್ಲ” ಅಂದ. ಫೋನಿಟ್ಟೆ.

ಇಲ್ಲ ತಾತ ಎಂದು ಇನ್ನೊಮ್ಮೆ ಹೇಳಿಬಿಡಬಹುದಿತ್ತು. ಅವರು ಹೋಗಿಬಿಡುತ್ತಿದ್ದರು. ತಾನು ಕಂಡದ್ದು ಕನಸೇ ಎಂದು ನಂಬಿಕೊಂಡು ಹೋಗುತ್ತಿದ್ದರು. ಆ ಮಾತು ನಾಲಿಗೆ ತುದಿಗೂ ಬಂದಿತ್ತು, ಥೂ ನನ್ನ ಜನ್ಮಕ್ಕೆ.

“ಇತ್ತು ತಾತ” ಅಂದೆ. “ನೀವು ಬಂದ ದಿನವೂ ಇತ್ತು. ಹ ಹಾಕಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ನಾನೇ ಅಳಿಸಿಬಿಟ್ಟೆ.”

ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಬೈಯಬೇಕಿತ್ತು.

“ಇತ್ತಾ?” ಅವರ ಮುಖ ಅರಳಿತು. “ನಾನ್ ಏಳ್ಲಿಲ್ವಾ? ಕನಸಲ್ಲ ಅಲ್ವಾ?”

“ಕನಸಲ್ಲ ತಾತ.”

“ಈಗ ಕೇಳ್ಸಕ್ ಆಗಕಿಲ್ಲ?”

“ಆಗಲ್ಲ.”

ಅರಳಿದ ಮುಖ ನೋಡುನೋಡುತ್ತಿದ್ದಂತೆ ಬಾಡಿತು.  ಆಮೇಲೆ, “ನಿನ್ ಜರಡಿ ಕಣ್ಣು ಬೋ ಸಣ್ಣದು ಕಣವ್ವ” ಅಂದರು, ಸಿಟ್ಟಿಲ್ಲದೆ. ನನಗೆ ಅಳು ತಡೆಯಲಾಗಲಿಲ್ಲ. ಅವರೇ ಹೆಗಲ ಮೇಲಿನ ಟವೆಲ್ ಕೊಟ್ಟರು.

“ಏನಾರ ಬರ್ದವ್ರಾ ಅದ್ರಲ್ಲಿ? ಓದು.”

ಷರಾ ಓದಿದೆ. ‘ಬೀಸೋ ಪದ. ಮಧ್ಯೆ ಗಂಡ ಕರೆಯುತ್ತಾರೆ. ತಡೀ ಅತ್ಲಾಗೆ, ಪದ ಏಳ್ಬುಟ್ಟು ಬತ್ತೀನಿ, ಎಂದು ನಕ್ಕು ಮುಂದುವರಿಸುತ್ತಾರೆ. ಇನ್ನೊಮ್ಮೆ ರೆಕಾರ್ಡ್ ಮಾಡಬೇಕು.’

“ಊ, ನೀರ್ ಕೇಳಿದ್ದೆ.” ಅವರು ಕಣ್ಣು ಮುಚ್ಚಿಕೊಂಡರು. “ಪದ ಓದ್ರೆ ಓಗ್ಲಿ ಬುಡು. ಆ ಮಾತು ಇನ್ನೊಂದ್ಸಲ ಅನ್ನವ್ವ. ಅವ್ಳು ಅಂದಂಗೆ ಅನ್ನು.”

ಅಂದೆ. ಅಷ್ಟು ಮಾತ್ರವನ್ನಾದರೂ ಅವರಿಗೆ ಕೊಡಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಪರದೆ ಬಿಟ್ಟು ಅವರ ಮುಖ ನೋಡಿದ್ದೇ ತಡ, ನಾಲಿಗೆ ತನ್ನ ಪಾಡಿಗೆ ತಾನು ತಿದ್ದಿಬಿಟ್ಟಿತು.

“ತಡೀ ಅತ್ತ, ಪದ ಹೇಳಿಬಿಟ್ಟು ಬರ್ತೀನಿ.”

ಸಣ್ಣಯ್ಯ ಕಣ್ಣು ತೆರೆದರು. ಇಲ್ಲವೆನ್ನುವಂತೆ ನಿಧಾನಕ್ಕೆ ತಲೆಯಾಡಿಸಿದರು.

“ಅಂಗಲ್ಲ ಕಣವ್ವ” ಅಂದರು. ಟವೆಲ್ ಹೆಗಲಿಗೆ ಹಾಕಿಕೊಂಡರು, ಚಪ್ಪಲಿ ಮೆಟ್ಟಿಕೊಂಡರು, ಬಸ್ಸಿಗೆ ಹೊತ್ತಾಯಿತು ಎಂದು ಮೆಟ್ಟಿಲಿಳಿದರು.

ಅವರು ರಸ್ತೆ ದಾಟಿದ ಮೇಲೆ ಅದು ನನ್ನ ಬಾಯಿಗೆ ಬಂತು, ನಮ್ಮವ್ವ ಹಿತ್ತಿಲಿನಿಂದ ಕೂಗುವ ಹಾಗೆಯೇ, ಸರಿಯಾಗಿ. ತಡೀ ಅತ್ಲಾಗೆ, ಪದ ಏಳ್ಬುಟ್ಟು ಬತ್ತೀನಿ. ಎದ್ದು ಓಡಿದೆ. ಹನಗೋಡಿನ ಬಸ್ಸು ಹೊರಟುಹೋಗಿತ್ತು.