ಕಂಬಿಗೆ ಪೋಣಿಸಿದ ಕೈಪಿಡಿ

ಬೀದಿಯವರೆಲ್ಲ ಅವಳನ್ನು ಸ್ಟುಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು, ‘ಗದ್ದ ಸ್ವಲ್ಪ ಮೇಲೆ’ ಎಂದು ಹೇಳಿ ಹೇಳಿ ಅವಳಿಗೆ ಸಾಕುಸಾಕಾಗಿತ್ತು. ಅಟ್ಟದ ಮೇಲೆ ಅಜ್ಜನ ಮರದ ಕ್ಯಾಮೆರಾ ಸಿಕ್ಕಿದ್ದೇ ತಡ, ತಾನೂ ಅವರ ಹಾಗೆ ಗಾಜಿನ ಮೇಲೆ ಚಿತ್ರ ಹಿಡಿಯಬೇಕೆಂಬ ಹಠ ತಲೆಗೇರಿತು. ಗಾಜು ಕತ್ತರಿಸಿದಳು, ಚಿತ್ರ ಮೂಡಿಸುವ ಮದ್ದು ಕಾಯಿಸಿ ಬಳಿದಳು. ತೊಳೆಯಲು ನೀರಿಗಿಳಿಸಿದರೆ ಲೇಪವೆಲ್ಲ ಹಾಲಿನ ಕೆನೆಯಂತೆ ಎದ್ದು ತೇಲುತ್ತಿತ್ತು.

ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಅಜ್ಜ ಕೆಂಪು ರಟ್ಟಿನ ಛಾಯಾಗ್ರಹಣ ಕೈಪಿಡಿಯೊಂದನ್ನು ನೋಡಿಕೊಂಡು ಕೆಲಸ ಮಾಡುತ್ತಿದ್ದದ್ದು ಅವಳಿಗೆ ನೆನಪಿತ್ತು. ಅವರ ಪ್ರತಿಯನ್ನು ಗೆದ್ದಲು ತಿಂದು ತೇಗಿತ್ತು. ಸರಿ, ಹಳೆ ಪುಸ್ತಕದಂಗಡಿಗಳ ಅಲೆದಾಟ ಶುರುವಾಯಿತು.

ಆ ಅಂಗಡಿಗಳೋ, ದೇವರಿಗೇ ಪ್ರೀತಿ. ಒಂದರಲ್ಲಿ ಫೋಟೋ ಪುಸ್ತಕಗಳು ದನದ ಕಾಯಿಲೆಗಳ ಪಕ್ಕ ಕೂತಿದ್ದವು. ಇನ್ನೊಂದರಲ್ಲಿ ವಿಷಯದ ಗೊಡವೆಯೇ ಇಲ್ಲ, ಎತ್ತರ ನೋಡಿ ಜೋಡಿಸಿದ್ದರು. ಮಂಡಿಯೂರಿ ಕೆಳಗಿನ ಸಾಲುಗಳನ್ನೆಲ್ಲ ತಡಕಾಡಿ, ಧೂಳಿಗೆ ಸೀನುತ್ತ ಬರಿಗೈಯಲ್ಲಿ ಮನೆಗೆ ಬರುತ್ತಿದ್ದಳು.

ಕೊನೆಗೆ, ಅವಳು ಪದೇ ಪದೇ ಕೇಳಿ ಹೋಗಿದ್ದ ಅಂಗಡಿಯವನೊಬ್ಬ ಹಣೆ ಚಚ್ಚಿಕೊಂಡ. “ಕೆಂಪು ರಟ್ಟಿಂದಾ? ನಿನ್ನೆ ತಾನೆ ಹೋಯ್ತಲ್ಲ ಮೇಡಂ!”

“ಯಾರಿಗ್ರೀ ಕೊಟ್ರಿ? ಎತ್ತಿಡಿ ಅಂತ ಎಷ್ಟು ಸಲ ಬಡ್ಕೊಂಡಿದ್ದೆ!”

“ಮೂಲೆಯ ಹೊಸ ಕಾಫಿ ಅಂಗಡಿಯವ್ರಿಗೆ. ಕೆಂಪು ರಟ್ಟಿನವೆಲ್ಲ ಬೇಕು ಅಂದ್ರು. ಒಳಗೇನಿದೆ ಅಂತ ಅವ್ರೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ.”

ಕಾಫಿ ಅಂಗಡಿಯ ಗೋಡೆ ತುಂಬ ಕೆಂಪು ಪುಸ್ತಕಗಳು. ನಡುವೆ ಅಜ್ಜನ ಬಳಿಯಿದ್ದಂಥದೇ ಕೈಪಿಡಿ! ಕೈಹಾಕಿ ಎಳೆದಳು. ಇಡೀ ಸಾಲೇ ಜೊತೆಗೆ ಅಲುಗಿತು. ಬೀಳದಿರಲೆಂದು ಪುಸ್ತಕಗಳ ಹೊಟ್ಟೆ ಕೊರೆದು ಕಬ್ಬಿಣದ ಕಂಬಿ ತೂರಿಸಿದ್ದರು.

ಮಾಲೀಕಳಾದ ಹುಡುಗಿ ಓಡಿ ಬಂದಳು. “ಎಳೀಬೇಡಿ ಆಂಟಿ, ಅದು ಬರೀ ಡೆಕೊರೇಷನ್ನು!”

“ಓದೋ ಪುಸ್ತಕ ಕಣಮ್ಮಾ ಇದು! ಕಂಬಿಗೆ ಪೋಣಿಸೋಕೆ ಇದೇನು ಕರ್ಟನ್ನಾ?”

ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿ ಮೆತ್ತಗಾದಳು. “ಇದೇ ದಪ್ಪದ ಕೆಂಪು ಪುಸ್ತಕ ಇನ್ನೊಂದು ತಂದ್ಕೊಡಿ, ಬಿಚ್ಚಿಸ್ತೀನಿ. ಜಾಗ ಖಾಲಿ ಬಿಟ್ರೆ ಚೆನ್ನಾಗಿರಲ್ಲ.”

ಸ್ಟುಡಿಯೋ ಅಕ್ಕನ ಗಂಡ ದರ್ಜಿ. ಮನೆಯಲ್ಲಿದ್ದ ಹಳೆಯ ಟೆಲಿಫೋನ್ ಡೈರೆಕ್ಟರಿಗೆ ಮಿಕ್ಕಿದ್ದ ಕೆಂಪು ಬಟ್ಟೆಯ ಅಂಗಿ ತೊಡಿಸಿಕೊಟ್ಟ. ಕೈಪಿಡಿ ಬಿಡುಗಡೆಯಾಯಿತು.

ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಪುಟ ತಿರುವಿದಳು. ಲೇಪ ಏಳುವುದಕ್ಕೆ ಪರಿಹಾರ ಎಂಬ ಭಾಗ ಸಿಕ್ಕೇಬಿಟ್ಟಿತು. ‘ಮೊದಲು ಗಾಜಿಗೆ’ ಎಂದಿತ್ತು. ಆಮೇಲೆ ಕಂಬಿಯ ತೂತು. ಆಚೆ ದಡದಲ್ಲಿ, ‘ತೆಳುವಾಗಿ ಬಳಿದು ಒಣಗಿಸಿದರೆ ಲೇಪ ಕದಲುವುದಿಲ್ಲ.’

“ಏನು ಬಳಿಯೋದು? ನನ್ನ ತಲೆ ಬಳಿಯೋದಾ?” ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

ಗಂಡ ತೂತಿನಲ್ಲಿ ಇಣುಕಿ ನೋಡಿ, “ಮೂರಕ್ಷರದ್ದು ಏನೋ ಇರ್ಬೇಕು ಕಣೇ. ಅಂಟೇ ಇದ್ರೂ ಇರಬಹುದು,” ಎಂದ.

“ಅಂಟು ಎರಡಕ್ಷರ!”

ಅಂಟು, ಸಕ್ಕರೆ ಪಾಕ, ಮೊಟ್ಟೆಯ ಬಿಳಿ, ಮನೆಯಲ್ಲಿದ್ದದ್ದೆಲ್ಲ ಬಳಿದಳು. ಒಂದು ಸುಕ್ಕುಗಟ್ಟಿತು, ಒಂದಕ್ಕೆ ಇರುವೆ ಮುತ್ತಿತು. ಮೊಟ್ಟೆಯ ಮೇಲೆ ಮದ್ದು ಬಳಿದ ಗಾಜನ್ನು ಕ್ಯಾಮೆರಾಕ್ಕೆ ಹಾಕಿ, ಗಂಡನನ್ನು ಮುಂದೆ ಕೂರಿಸಿ ಚಿತ್ರ ಹಿಡಿದಳು. ನೀರಿನಲ್ಲಿ ಅವನ ಹಣೆ, ಕಣ್ಣು, ಮೂಗು ನಿಂತವು. ಉಳಿದದ್ದು ಮೆಲ್ಲಗೆ ಜಾರಿತು.

“ನನ್ನ ಮೀಸೆ ಎಲ್ಲೇ?” ಎಂದ ಗಂಡ.

“ಬಕೆಟ್‌ನಲ್ಲಿದೆ, ಹುಡುಕ್ಕೊಳ್ಳಿ!”

ಆ ಅರ್ಧ ಮುಖವನ್ನು ಒಣಗಲಿಟ್ಟು, ಕೈ ಒರೆಸಿಕೊಂಡು ಚೀಲ ಹೆಗಲಿಗೇರಿಸಿದಳು. ಊರಾಚೆ ಇನ್ನೊಂದು ಹಳೆ ಪುಸ್ತಕದಂಗಡಿ ಇದೆಯಂತೆ.