ಮಹಾಪ್ರಾಣವಿಲ್ಲದ ಭಯ

೧

ಎಲ್ಲಿಂದ ಶುರು ಮಾಡಲಿ? ಅಮ್ಮ ಮಗಳ ಮೊಬೈಲ್ ಎತ್ತಿಕೊಂಡಳು ಎಂದರೆ ಮೊದಲ ಸಾಲಿನಲ್ಲೇ ಅವಳನ್ನು ಕಳ್ಳಿ ಮಾಡಿದಂತೆ. ಮಗಳು ಏನನ್ನೋ ಮುಚ್ಚಿಡುತ್ತಿದ್ದಳು ಎಂದರೆ ಆ ಹುಡುಗಿಯ ಮೇಲೆ ಗೂಬೆ ಕೂರಿಸಿದಂತೆ. ಮೊಬೈಲ್ ಅಡುಗೆಮನೆ ಕಟ್ಟೆಯ ಮೇಲೆ ಚಾರ್ಜ್ ಆಗುತ್ತಿತ್ತು. ಇಷ್ಟಕ್ಕೆ ಯಾರದೂ ತಕರಾರು ಇರಲಾರದು.

(ಇದೆ. "ನನ್ನ ಫೋನ್ ಎಲ್ಲಿತ್ತು ಅಂತ ಊರಿಗೆಲ್ಲ ಯಾಕೆ ಹೇಳ್ತೀರಾ?" ಎನ್ನುತ್ತಿದ್ದಾಳೆ ಮಗಳು. ಒಂಬತ್ತನೇ ಕ್ಲಾಸು. ಮೂಗಿನ ತುದಿಯಲ್ಲೇ ಕೋಪ.)

೨

ಮೊದಲ ಕರಡಿನಲ್ಲಿ ಅಪ್ಪನೂ ಇದ್ದ. "ಒಂದು ಆಪ್ ಹಾಕಿಬಿಡೋಣ, ಅವಳು ಕೆಮ್ಮಿದ್ರೂ ನಮಗೆ ಗೊತ್ತಾಗುತ್ತೆ" ಎಂದ. "ನಿಮ್ಮ ಫೋನಿಗೂ ಹಾಕೋಣ್ವಾ?" ಎಂದಳು ಅಮ್ಮ. ಅಪ್ಪ ಕಥೆಯಿಂದಲೇ ಎದ್ದುಹೋದ. ನಾನೂ ತಡೆಯಲಿಲ್ಲ.

೩

ಅಮ್ಮನ ಕೆಲಸ ಹೇಳಲೇಬೇಕು. ಅವಳು ಅಚ್ಚುಮನೆಯಲ್ಲಿ ಪ್ರೂಫ್ ನೋಡುವವಳು. ತಪ್ಪು ಕಂಡರೆ ಅವಳ ಬೆರಳು ತುರಿಸುತ್ತದೆ; ಅಂಗಡಿಯ ಬೋರ್ಡುಗಳನ್ನೂ ಮನಸ್ಸಿನಲ್ಲೇ ತಿದ್ದಿಕೊಂಡು ನಡೆಯುತ್ತಾಳೆ.

ಕೆಲವು ದಿನಗಳಿಂದ ಮಗಳು ಫೋನ್ ಗುಯ್‌ಗುಟ್ಟಿದರೆ ಬೆಚ್ಚುತ್ತಿದ್ದಳು, ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದಳು. ಆ ರಜೆಯ ದಿನ ಅವಳು ಸ್ನಾನಕ್ಕೆ ಹೋದಾಗ ಅಮ್ಮ ತಡೆದುಕೊಳ್ಳಲಿಲ್ಲ. ಗಾಜಿನ ಮೇಲೆ ಬೆರಳು ಎಳೆದ ಜಿಡ್ಡಿನ ಗುರುತು ಹಿಡಿದು ಲಾಕ್ ತೆಗೆದಳು. ಪ್ರೊಫೈಲಿನಲ್ಲಿ ಮುಖವಿಲ್ಲದ ಯಾವನಿಗೋ ಬರೆದು, ಇನ್ನೂ ಕಳಿಸದೆ ಬಿಟ್ಟ ಮೆಸೇಜು:

ಮನೆ ಹತ್ರ ಬರ್ಬೇಡ. ಅಮ್ಮಂಗೆ ಏನೂ ಗೊತ್ತಿಲ್ಲ. ನಂಗೆ ಬಯ ಆಗ್ತಿದೆ.

ಅಮ್ಮನ ಎದೆ ಧಸಕ್ಕೆಂದಿತು. ಆದರೆ ಎದೆಗಿಂತ ಮುಂಚೆ ಬೆರಳು ಓಡಿತ್ತು. 'ಬಯ' ಅಳಿಸಿ 'ಭಯ' ಎಂದು ತಿದ್ದಿತ್ತು. ಬಚ್ಚಲಿನ ಚಿಲಕದ ಸದ್ದಾಯಿತು, ಅಮ್ಮ ಫೋನನ್ನು ಇದ್ದಲ್ಲೇ ಇಟ್ಟಳು.

೪

"ನನ್ನ ಫೋನ್ ನೋಡಿದ್ಯಾ?"

"ಇಲ್ವಲ್ಲ."

"ಈ ಮನೇಲಿ ನಿನ್ನ ಬಿಟ್ರೆ ಅಕ್ಷರದ ಹೊಟ್ಟೆ ಸೀಳೋರು ಯಾರಿದಾರೆ?"

(ನನಗೆ ನಗು ಬಂತು. ಬರಬಾರದಿತ್ತು.)

"ಬಯ ಅಂತ ಓದಿ ನಿಂಗೆ ಕಂಡಿದ್ದು ಸ್ಪೆಲಿಂಗಾ ಅಮ್ಮಾ?"

ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

೫

ಮುಕ್ತಾಯಗಳು ಬೇಕೇ? ತಗೊಳ್ಳಿ. ಅಮ್ಮ ಫೋನ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಾಳೆ. ಮಗಳು ಗೆಳತಿಯ ಫೋನಿನಿಂದ ಬರೆಯುತ್ತಾಳೆ, ಅವನು ಯಾರೆಂಬುದು ಯಾರಿಗೂ ತಿಳಿಯುವುದಿಲ್ಲ. ಇಲ್ಲವೇ, ಇನ್ನೆಂದೂ ಮುಟ್ಟುವುದಿಲ್ಲ ಎಂದು ಅಮ್ಮ ಮಾತು ಕೊಡುತ್ತಾಳೆ. ಅಷ್ಟರಲ್ಲಿ ಅವನು ಬೀದಿಯ ತುದಿಗೆ ಬಂದಿರುತ್ತಾನೆ. ಎರಡನ್ನೂ ಬರೆದು ಹೊಡೆದು ಹಾಕಿದ್ದೇನೆ.

"ಅಮ್ಮ ಒಂದ್ಸಲ ನೋಡಿದ್ಲು" ಎಂದಳು ಮಗಳು, ನನಗೆ. "ನೀವು ಮೊದಲಿಂದ್ಲೂ ನೋಡ್ತಾನೇ ಇದೀರಾ. ನನ್ನ ಮೆಸೇಜು ಅಚ್ಚು ಬೇರೆ ಹಾಕ್ಸಿದ್ರಿ."

ಓದುಗರೇ, ಈ ಮಾತು ನಿಮಗೂ ಸೇರಿದ್ದು.

೭

(ಆರನ್ನು ಅವಳ ಮಾತಿಗೆ ಬೆಲೆ ಕೊಟ್ಟು ತೆಗೆದಿದ್ದೇನೆ.)

ಅಮ್ಮ ಬಾಗಿಲು ತಟ್ಟಿದಳು. ಒಳಗೆ ಬಿಟ್ಟ ಮೇಲೆ ಮಂಚದ ತುದಿಯಲ್ಲಿ ಕೂತಳು. "ತಿದ್ದಿದ್ದು ತಪ್ಪು. ನೋಡಿದ್ದು ತಪ್ಪೋ ಅಲ್ವೋ, ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ ಪುಟ್ಟಿ. ಅವನಿಗೆ ಮನೆ ಗೊತ್ತಾ?"

ಪುಟ್ಟಿ ಫೋನ್ ತೆಗೆದು 'ಭ' ಅಳಿಸಿದಳು. ತನ್ನ 'ಬ'ವನ್ನು ಮತ್ತೆ ಅದರ ಜಾಗದಲ್ಲಿಟ್ಟು, ಫೋನನ್ನು ಅಮ್ಮನ ಕೈಗೆ ಕೊಟ್ಟಳು.

"ಈಗ ಓದು. ಮೊದಲಿಂದ. ನಾನೇ ಕೊಡ್ತಿದೀನಿ." ಆಮೇಲೆ ನಮ್ಮ ಕಡೆ ನೋಡಿ, "ಅವ್ರು ಬೇಡ" ಎಂದಳು.

ಅಮ್ಮ ಎದ್ದು ನಮ್ಮ ಮುಖದ ಮೇಲೇ ಬಾಗಿಲು ಹಾಕಿದಳು.

೮

ಹೊರಗೆ ನಿಂತಿದ್ದೇವೆ, ನಾನೂ ನೀವೂ. ಒಳಗೆ ಒಬ್ಬಳು ಅಳುತ್ತಿದ್ದಾಳೆ. ಯಾರೆಂದು ಹೇಳುವುದಿಲ್ಲ.

ಬೀದಿಯಲ್ಲಿ ಸ್ಕೂಟರೊಂದು ನಿಧಾನವಾಗಿ ಬಂದು ಗೇಟಿನೆದುರು ನಿಂತಿತು. ದೇವರಾಣೆ, ಅದನ್ನು ನಾನು ಬರೆದಿಲ್ಲ.

ರೂಮಿನ ಬಾಗಿಲು ತೆರೆಯಿತು. ಮಗಳ ಕೈ ಅಮ್ಮನ ಕೈಯಲ್ಲಿತ್ತು. ನಮ್ಮನ್ನು ದಾಟಿಕೊಂಡು ಇಬ್ಬರೂ ಮುಂಬಾಗಿಲಿನ ಕಡೆ ನಡೆದರು.

ಮುಂದಿನದನ್ನು ಬರೆಯಲು ನನಗೂ ಬಯ. (ಪ್ರೂಫ್ ನೋಡುವವರೇ, ದಯವಿಟ್ಟು ತಿದ್ದಬೇಡಿ.)