ಪಾಲಿಶ್ ಕಲ್ಲಿಗೆ ತೂತು

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯ ಮಾಲೀಕ ವಿಜಯಮಹಾಂತೇಶನ ಮೇಜಿನ ಮೇಲೆ ಎ.ಸಿ.ಯಿಂದ ನೀರು ತೊಟ್ಟಿಕ್ಕುತ್ತಿತ್ತು, ತಂಪಿನ ಸುಳಿವಿರಲಿಲ್ಲ. ಹೊರಗೆ ಏಪ್ರಿಲ್ ತಿಂಗಳ ಉರಿಬಿಸಿಲು.

"ಜಲಾಲಣ್ಣಾ, ಗ್ಯಾಸ್ ಖಾಲಿ ಆಗೇತಿ. ತುಂಬಿ ಹೋಗ್ಬಿಡು."

ನಾಡಿ ಹಿಡಿಯುವ ಮೊದಲೇ ಔಷಧ ಹೇಳುವವರನ್ನು ಕಂಡರೆ ಮೆಕ್ಯಾನಿಕ್ ಜಲಾಲುದ್ದೀನನಿಗೆ ಮೈ ಉರಿಯುತ್ತಿತ್ತು. 'ಮೊದಲು ಕಣ್ಣು, ಆಮೇಲೆ ಕೈ, ಕಡೆಗೆ ಗ್ಯಾಸು' ಎಂದು ಬಾಗಲಕೋಟೆಯ ಐ.ಟಿ.ಐ.ಯಲ್ಲಿ ಗುರುಗಳು ಕಲಿಸಿದ್ದ ಪಾಠವನ್ನು ಆತ ಇಪ್ಪತ್ತು ವರ್ಷಗಳಿಂದ ಮೀರಿರಲಿಲ್ಲ.

ಕಟ್ಟಡದ ಹಿಂದೆ ಹೋಗಿ ಎ.ಸಿ.ಯ ಔಟ್‌ಡೋರ್ ಯಂತ್ರವನ್ನು ನೋಡಿದ. ಹೋದ ವರ್ಷ ಅದರ ರೆಕ್ಕೆಗಳ ತುಂಬ ಕಲ್ಲಿನ ಧೂಳು ಗಚ್ಚಿನಂತೆ ಕೂತಿತ್ತು. ಕಲ್ಲು ಕೊಯ್ಯುವ ಶೆಡ್ಡಿನ ಗಾಳಿ ಹೊರದಬ್ಬುವ ಫ್ಯಾನು ನೇರವಾಗಿ ಅದರ ಮೇಲೆಯೇ ಊದುತ್ತಿತ್ತು. ಈಗ ಯಂತ್ರ ತೊಳೆದಿಟ್ಟ ತಾಟಿನಂತಿದೆ. ಒಳಗೆ ಬಂದು ಗೋಡೆಯ ಮೇಲಿನ ಯಂತ್ರದ ಮುಚ್ಚಳ ತೆಗೆದ. ಕೊಳವೆಗಳ ಮೇಲೆ ಬೆರಳು ದಪ್ಪ ಹಿಮ. ಅದರ ಮುಂದಿನ ಗಾಳಿ ಸೋಸುವ ಜಾಳಿಗೆಯಲ್ಲಿ ನಸುಗೆಂಪು ಧೂಳಿನ ಗೋಡೆಯೇ ಎದ್ದಿತ್ತು. ಗಾಳಿ ಆಡದೆ ಹಿಮ ಕಟ್ಟಿತ್ತು, ಹಿಮ ಕರಗಿ ಸೋರುತ್ತಿತ್ತು. ಆದರೆ ಇಷ್ಟು ಧೂಳು ಒಳಗೆ ಬಂದದ್ದೆಲ್ಲಿಂದ?

ಶೆಡ್ಡಿಗೆ ಹೋದ. ಫ್ಯಾನಿನ ಬಾಯಿಗೆ ತಗಡು ಬಡಿದಿದ್ದರು; ಹೊರಹೋಗಲಾರದ ಧೂಳು ಶೆಡ್ಡು ತುಂಬಿ ಮಾಲೀಕನ ಕೋಣೆಯತ್ತ ಹರಿಯುತ್ತಿತ್ತು. ಕಲ್ಲಿನ ಪುಡಿ ಗುಡಿಸುತ್ತಿದ್ದ ರಂಗವ್ವ ಮೂಗಿನ ಮೇಲಿನ ಸೆರಗು ಸರಿಸಿ ನಕ್ಕಳು.

"ಏನ್ ನೋಡ್ತಿ ಅಣ್ಣಾ? ನಿಂದ ಪುಣ್ಯಾ! 'ಫ್ಯಾನಿನ ಧೂಳ ಮಿಷಿನ್ನಿಗೆ ಬರದ್ಹಾಂಗ ನೋಡ್ಕೋರಿ' ಅಂತ ಹ್ವಾದ ಬ್ಯಾಸಗ್ಯಾಗ ಹೇಳಿದಾಂವ ನೀನ ಅಲ್ಲೇನು? ಮರದಿನಾನ ತಗಡ ಬಡಿಸಿದ್ರು. ಮಿಷಿನ್ ಸ್ವಚ್ಛ ಆತು, ನಾವು ಹನ್ನೊಂದು ಮಂದಿ ಕಲ್ಲಬೂದಿ ಉಣ್ಣಾಕ ಹತ್ತೀವಿ." ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ.

ಜಲಾಲುದ್ದೀನ ತಲೆ ತಗ್ಗಿಸಿದ. ಆ ಮಾತನ್ನಾಡುವಾಗ ಅವನ ಕಣ್ಣಿಗೆ ಯಂತ್ರವೊಂದೇ ಕಂಡಿತ್ತು. ಹನ್ನೊಂದು ಜನರ ಉಸಿರಿಗಿಂತ ಒಂದು ಯಂತ್ರ ದೊಡ್ಡದೆಂದು ತಿಳಿದ ಮಾಲೀಕನ ತಪ್ಪು ಘೋರವಾದದ್ದು. ಅದಕ್ಕೆ ದಾರಿ ತೋರಿದವನ ತಪ್ಪೂ ಚಿಕ್ಕದಲ್ಲ. ತಪ್ಪನ್ನು ಒಪ್ಪಿದರೆ ಸಾಲದು, ತಿದ್ದಬೇಕು. ಏಣಿ ಹಾಕಿ ತಗಡಿನ ಮೊಳೆ ಕೀಳತೊಡಗಿದ.

ಸಪ್ಪಳ ಕೇಳಿ ವಿಜಯಮಹಾಂತೇಶ ಓಡಿ ಬಂದ. "ಏ, ಏನ್ ಮಾಡಾಕ್ಹತ್ತೀದಿ? ಮತ್ತ ಔಟ್‌ಡೋರ್ ಕೆಡ್ತೈತಿ!"

"ಅದನ್ನ ಮುಂದಿನ ಗ್ವಾಡಿಗೆ ಕೂಡಸ್ತೇನ್ರಿ ಸಾವ್ಕಾರ್ರ."

"ಕೊಳವಿ ಸಲುವಾಗಿ ಪಾಲಿಶ್ ಕಲ್ಲಿನ ಗ್ವಾಡಿಗೆ ತೂತ? ಗಿರಾಕಿ ಮೊದಲ ನೋಡೂದ ಅದನ್ನ. ಬ್ಯಾರೇ ಮೆಕ್ಯಾನಿಕ್ ಕರಸ್ತೇನಿ."

"ಕರಸ್ರಿ. ಅಂವಾ ಬರೂದ್ರಾಗ ಈ ತಗಡ ಇಲ್ಲಿ ಇರೂದಿಲ್ಲ."

ಕೆಳಗಿಳಿದು ಜಾಳಿಗೆಯನ್ನು ತಂದು ಅವನ ಮುಂದೆ ಹಿಡಿದ. "ಇದು ಬಾಗಲಾ ಮುಚ್ಚಿದ ನಿಮ್ಮ ಖೋಲ್ಯಾಗಿನ ಧೂಳ. ನೀವೂ ಇದನ್ನ ಕುಡದೀರಿ. ಬಾಗಲಾನ ಇಲ್ಲದ ಶೆಡ್ಡಿನ್ಯಾಗ ಎಷ್ಟಿರಬೇಕು? ಜಾಳಿಗಿ ನಾ ತೊಳೀತೇನಿ. ರಂಗವ್ವನ ಎದಿ ಯಾರು ತೊಳೀತಾರ್ರಿ?"

ವಿಜಯಮಹಾಂತೇಶ ಬೆರಳಿನಿಂದ ಧೂಳನ್ನು ಗೀರಿ ನೋಡಿದ. ಬೆರಳನ್ನು ಅಂಗಿಗೆ ಒರೆಸಿಕೊಂಡು ಒಳಗೆ ಹೋದ.

ಜಲಾಲುದ್ದೀನ ಮತ್ತೆ ಏಣಿ ಹತ್ತಿ ತಗಡನ್ನು ಪೂರ್ತಿ ಕಿತ್ತು ಹಾಕಿದ. ವರ್ಷದಿಂದ ನಿಂತ ಫ್ಯಾನು ಬಿಗಿದುಹೋಗಿತ್ತು. ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ, ರೆಕ್ಕೆಯನ್ನು ಕೈಯಿಂದ ಮೂರು ಸಲ ತಿರುಗಿಸಿ ಸ್ವಿಚ್ ಒತ್ತಿದ. ಫ್ಯಾನು ನರಳಿತು, ಗುಂಯ್ ಎಂದಿತು, ಓಡಿತು. ಶೆಡ್ಡಿನ ಮಬ್ಬು ಅದರತ್ತ ವಾಲಿ ಹೊರಗೆ ನುಗ್ಗಿತು. ರಂಗವ್ವ ಸೆರಗನ್ನು ಹೆಗಲಿಗೆ ಹಾಕಿಕೊಂಡಳು.

"ನಿಮ್ಮ ಎ.ಸಿ. ನಾಳಿ ಮಾಡ್ತೇನ್ರಿ," ಎಂದು ಹೇಳಲು ಹೋದಾಗ, ಬೆವರಿನಲ್ಲಿ ತೊಯ್ದ ವಿಜಯಮಹಾಂತೇಶ ಮುಂದಿನ ಗೋಡೆಯ ಬಳಿ ಸೀಮೆಸುಣ್ಣ ಹಿಡಿದು ನಿಂತಿದ್ದ. ಕನ್ನಡಿಯಂಥ ಕಲ್ಲಿನ ಮೂಲೆಯಲ್ಲಿ ರೂಪಾಯಿಯಷ್ಟು ಸಣ್ಣ ದುಂಡು ಗುರುತು ಬರೆದು, "ಇಷ್ಟ, ಇದಕಿಂತ ದೊಡ್ಡದು ಬ್ಯಾಡ ನೋಡಪಾ," ಎಂದ.

ಜಲಾಲುದ್ದೀನ ಅದನ್ನು ಅಂಗೈಯಿಂದ ಒರೆಸಿ, ಕೊಳವೆಗೆ ಬೇಕಾದಷ್ಟು ಅಗಲದ ದುಂಡು ಗುರುತು ಬರೆದ.